ಮುಕ್ಕಾಲು ಇಂಚು

ತನ್ನ ಅಮ್ಮನಿಗೆ ಲೆಕ್ಕ ಬರುವುದಿಲ್ಲ ಎಂದು ನನ್ನ ತಂಗಿಯ ಮಗಳು ಹೋದ ವರ್ಷ ನನಗೆ ಹೇಳಿದಳು. ಚನ್ನರಾಯಪಟ್ಟಣದ ಅವರ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಹುಡುಗಿ ಎರಡನೇ ಕ್ಲಾಸು. ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟು, “ಮಾವ, ನೀನೇ ಹೇಳ್ಕೊಡು, ಅಮ್ಮಂಗೆ ಲೆಕ್ಕ ಬರಲ್ವಂತೆ” ಅಂದಳು. ಅಡುಗೆಮನೆಯಿಂದ ತಂಗಿಯೂ ಹೌದು ಅಂದಳು. ಅರವತ್ತೆರಡರಲ್ಲಿ ಹದಿನೇಳು ಕಳೆಯುವ ಲೆಕ್ಕ. ನಾನು ಬೆರಳು ಮಡಿಚಿ ಹೇಳಿಕೊಟ್ಟೆ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನ್ನ ತಂಗಿ ಹಾಸನದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ನಿಮಿಷಕ್ಕೆ ಇಷ್ಟು ಸುತ್ತು, ಇಷ್ಟು ಟಾರ್ಕ್ ಇದ್ದರೆ ಎಷ್ಟು ಎಚ್‌ಪಿ ಎಂದು ಕೇಳಿದರೆ ಪೆನ್ನು ಮುಟ್ಟದೆ ಹೇಳುತ್ತಿದ್ದವಳು. ಅವಳಿಗೆ ಲೆಕ್ಕ ಬರುವುದಿಲ್ಲ ಎಂದು ಅವಳನ್ನು ನಂಬಿಸಿದವನು ನಾನು. ಹಾಗೆಂದು ನಾನು ಯಾವತ್ತೂ ಅವಳಿಗೆ ಹೇಳಲಿಲ್ಲ. ಹೇಳಬೇಕಾದದ್ದನ್ನು ಹೇಳದೆ ಸುಮ್ಮನಿದ್ದೆ, ಅಷ್ಟೆ. ಅದರಿಂದಲೇ ಆಯಿತು.

ಹೊಳೆನರಸೀಪುರದಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ನೀರಿನ ಪಂಪು, ಔಷಧಿ ಹೊಡೆಯುವ ಮಷೀನು, ಕಳೆ ಕತ್ತರಿಸುವ ಮಷೀನು, ಇವೇ ಬರುವುದು. ಹದಿನಾಲ್ಕನೇ ವಯಸ್ಸಿಗೆ ಒಬ್ಬ ಮೇಸ್ತ್ರಿಯ ಕೈಕೆಳಗೆ ಸೇರಿದೆ. ಅವರು ನನಗೆ ಕಲಿಸಿದ್ದು ಕಿವಿಯ ಕೆಲಸ. ಇಂಜಿನ್ನಿನ ಮೈಗೆ ಸ್ಕ್ರೂಡ್ರೈವರ್ ಒತ್ತಿ, ಅದರ ಹಿಡಿಗೆ ಕಿವಿ ಕೊಟ್ಟರೆ ಒಳಗೆ ಏನಾಗಿದೆ ಎಂದು ತಿಳಿಯುತ್ತದೆ. ಬೇರಿಂಗ್ ಹೋಗಿದ್ದರೆ ಒಂದು ಸದ್ದು, ಭಾರ ಜಾಸ್ತಿಯಾಗಿದ್ದರೆ ಒಂದು ಸದ್ದು. ಅರಕಲಗೂಡಿನ ಕಡೆಯಿಂದಲೂ, ಕೊಣನೂರಿನಿಂದಲೂ ಜನ ಪಂಪು ಹೊತ್ತುಕೊಂಡು ನನ್ನ ಹತ್ತಿರ ಬರುತ್ತಿದ್ದರು. ಅವನು ಕಿವೀಲೇ ಹೇಳ್ತಾನೆ ಅನ್ನುತ್ತಿದ್ದರು. ನನಗೆ ಅದು ಬೇಕಾಗಿತ್ತು. ಓದು ಇಲ್ಲದವನಿಗೆ ಅಂಥದೊಂದು ಮಾತು ಬೇಕಾಗುತ್ತದೆ.

ಹತ್ತು ವರ್ಷದ ಹಿಂದೆ ತಂಗಿಯ ಡಿಪ್ಲೊಮಾ ಕೊನೆಯ ವರ್ಷದಲ್ಲಿತ್ತು. ಆಗ ಕಾಲೇಜಿನಲ್ಲಿ ಪುಟ್ಟ ವಿಮಾನಗಳ ಸ್ಪರ್ಧೆ ಇಟ್ಟರು. ವಿಮಾನವನ್ನು ವಿದ್ಯಾರ್ಥಿಗಳೇ ಕಟ್ಟಬೇಕು. ಅದರ ಹೊಟ್ಟೆಯೊಳಗೆ ಮರಳಿನ ಚೀಲ ಇಟ್ಟು ಹಾರಿಸಬೇಕು. ಎಷ್ಟು ಮರಳು ಹೊರಿಸುತ್ತೇವೆ ಎಂದು ಮೊದಲೇ ಲೆಕ್ಕ ಹಾಕಿ, ಆ ಲೆಕ್ಕದ ಹಾಳೆಯನ್ನು ಮೇಷ್ಟ್ರಿಗೆ ಕೊಡಬೇಕು. ಬರೆದುಕೊಟ್ಟಷ್ಟು ಭಾರ ಹೊತ್ತು, ನೆಲದ ಮೇಲೆ ಎಳೆದ ಸುಣ್ಣದ ಗೆರೆ ದಾಟುವುದರೊಳಗೆ ವಿಮಾನ ಮೇಲೇಳಬೇಕು. ಕಮ್ಮಿ ಬರೆದುಕೊಟ್ಟರೆ ಸುಲಭ, ಆದರೆ ಗೆಲ್ಲುವುದಿಲ್ಲ. ಜಾಸ್ತಿ ಬರೆದರೆ ಏಳುವುದಿಲ್ಲ. ಲೆಕ್ಕ ಬಲ್ಲವರ ಆಟ ಅದು. ಅವಳು ಡಿಪ್ಲೊಮಾ ಮುಗಿಸಿ ಇಂಜಿನಿಯರಿಂಗ್ ಸೇರಬೇಕು ಅಂದುಕೊಂಡಿದ್ದಳು. ಮನೆಯಲ್ಲಿ ಅವ್ವನಿಗೆ ಅಷ್ಟು ಧೈರ್ಯವಿರಲಿಲ್ಲ. ಇದೊಂದು ಗೆದ್ದರೆ ಅವ್ವನ ಹತ್ತಿರ ತಾವೇ ಬಂದು ಮಾತಾಡುತ್ತೇವೆಂದು ಮೇಷ್ಟ್ರು ಅವಳಿಗೆ ಹೇಳಿದ್ದರು.

ಇಂಜಿನ್ನು ಕಾಲೇಜಿನದೇ, ಹಳೆಯದು. ಅದನ್ನು ಅವಳು ನನ್ನ ಅಂಗಡಿಗೆ ತಂದ ದಿನ ನಾನು ಕೈಯಲ್ಲಿ ಹಿಡಿದು ನೋಡಿದೆ. ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟಿತ್ತು. ಡಬ್ಬದ ಮೇಲೆ ಎರಡು ಎಚ್‌ಪಿಗೆ ಸ್ವಲ್ಪ ಕಮ್ಮಿ ಅಂತ ಬರೆದಿದೆ ಎಂದು ಅವಳು ಓದಿದಳು. ನಾನು ನಗಾಡಿದೆ. ಅಂಗಡಿಯ ಬಾಗಿಲಲ್ಲಿ ಎರಡು ಎಚ್‌ಪಿಯ ಮೋಟರೊಂದು ಬಿದ್ದಿತ್ತು. ಅದನ್ನು ಎತ್ತಲು ಇಬ್ಬರು ಬೇಕಾಗಿತ್ತು. ಅದೂ ಎರಡು, ಇದೂ ಎರಡು ಅಂದರೆ ಹೇಗೆ ನಂಬುವುದು.

ಎಚ್‌ಪಿ ನಮಗೆಲ್ಲ ಗೊತ್ತಿದ್ದ ಪದ. ಮೂರು ಎಚ್‌ಪಿ ಮೋಟರು, ಐದು ಎಚ್‌ಪಿ ಮೋಟರು ಎಂದು ಅಕ್ಷರ ಬರದವರೂ ಹೇಳುತ್ತಾರೆ. ಟಾರ್ಕ್ ಎನ್ನುವುದನ್ನು ನಾನು ಕೇಳಿರಲಿಲ್ಲ. ಅವಳು ಸ್ಪ್ಯಾನರ್ ತೆಗೆದುಕೊಂಡು ತೋರಿಸಿದಳು. ಬೋಲ್ಟು ತುಕ್ಕು ಹಿಡಿದು ಕೂತಾಗ ಸ್ಪ್ಯಾನರಿಗೆ ಪೈಪು ತೂರಿಸಿ ತಿರುಗಿಸುತ್ತೀಯಲ್ಲ, ಅದೇ ಟಾರ್ಕ್. ಕೈಯ ಬಲ ಅಷ್ಟೇ, ಉದ್ದ ಜಾಸ್ತಿಯಾಯಿತು, ತಿರುಗಿಸುವ ಬಲ ಜಾಸ್ತಿಯಾಯಿತು. ಆ ತಿರುಗಿಸುವ ಬಲವನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎನ್ನುವುದರಿಂದ ಗುಣಿಸಿದರೆ ಎಚ್‌ಪಿ.

“ನಿನ್ ಮೋಟ್ರು ಮೂರು ಸಾವ್ರ ಸುತ್ತಿನೊಳ್ಗೆ ತಿರುಗ್ತದೆ. ಇದು ಅದಿನಾರು ಸಾವ್ರ. ಎಚ್‌ಪಿ ಒಂದೇ ಕಣಣ್ಣ, ಟಾರ್ಕ್ ಬ್ಯಾರೆ” ಅಂದಳು.

ಆಮೇಲೆ ಇನ್ನೊಂದು ವಿಷಯ ಹೇಳಿದಳು. ಡಬ್ಬದ ಮೇಲೆ ಬರೆದ ಎಚ್‌ಪಿ ನಮಗೆ ಸಿಗುವುದೇ ಇಲ್ಲ. ಅದು ಹದಿನಾರು ಸಾವಿರ ಸುತ್ತಿನಲ್ಲಿ ಬರುವಂಥದು. ಆ ವೇಗಕ್ಕೆ ಹೋಗುವಷ್ಟರಲ್ಲಿ ಟಾರ್ಕ್ ಇಳಿಯಲು ಶುರುವಾಗಿರುತ್ತದೆ. ಟಾರ್ಕ್ ಚೆನ್ನಾಗಿರುವುದು ಹತ್ತು ಹನ್ನೊಂದು ಸಾವಿರದ ಹತ್ತಿರ. ನಮ್ಮದು ಭಾರದ ವಿಮಾನ, ನಿಧಾನಕ್ಕೆ ಹೋಗುವಂಥದು. ಇದಕ್ಕೆ ಉದ್ದದ ಪ್ರೊಪೆಲ್ಲರ್ ಹಾಕಿ ಸ್ವಲ್ಪ ನಿಧಾನವಾಗಿ ತಿರುಗಿಸಬೇಕು. ರಾಗಿ ತೂರುವಾಗ ದೊಡ್ಡ ಮೊರ ಹಿಡಿದು ಬೀಸಿದ ಹಾಗೆ. ಚಿಕ್ಕ ಬೀಸಣಿಗೆಯನ್ನು ಎಷ್ಟು ಜೋರಾಗಿ ಬೀಸಿದರೂ ಅಷ್ಟು ಗಾಳಿ ಬರುವುದಿಲ್ಲ. ಹನ್ನೆರಡು ಇಂಚಿನ ಮರದ ಪ್ರೊಪೆಲ್ಲರ್ ಅವಳು ತರಿಸಿದ್ದಳು. ತಿರುಗುವಾಗ ಕಣ್ಣಿಗೆ ಕಾಣಲಿ, ಯಾರೂ ಕೈ ಇಡದಿರಲಿ ಎಂದು ಅದರ ಎರಡು ತುದಿಗೂ ಹಳದಿ ಬಣ್ಣ ಹಚ್ಚಿದ್ದಳು.

ಇದೆಲ್ಲ ನಡೆಯುವಾಗ ಅಂಗಡಿಯಲ್ಲಿ ಮೂರು ನಾಲ್ಕು ಜನ ಇದ್ದರು. ಅದರಲ್ಲಿ ಒಬ್ಬರು ತೆಂಗಿನತೋಟದವರು, ನನ್ನ ಹಳೆಯ ಗಿರಾಕಿ. “ಏನ್ ಮೇಸ್ತ್ರಿ, ಇಷ್ಟ್ ದಿನ ನಮ್ ಮೋಟ್ರು ಸುಟ್ಟೋಗಿದ್ದು ನಿಂಗೆ ಟಾರ್ಕ್ ಗೊತ್ತಿಲ್ದೇನಾ?” ಅಂದರು. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ನಾನೂ ನಕ್ಕೆ. ಅಷ್ಟೇ ಆಗಿದ್ದು. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ಆ ಇಂಜಿನ್ನಿಗೆ ಹಾಕುವುದು ಪೆಟ್ರೋಲ್ ಅಲ್ಲ. ಮೆಥನಾಲ್ ಎನ್ನುವ ಸ್ಪಿರಿಟ್ಟು, ಅದರ ಜೊತೆ ಹರಳೆಣ್ಣೆ. ಮೇಷ್ಟ್ರು ಕೊಟ್ಟಿದ್ದ ಎಣ್ಣೆ ಮುಗಿದಾಗ, ಅವಳು ಅರಕಲಗೂಡಿನ ಹತ್ತಿರದ ನಮ್ಮೂರಿಗೆ ಹೋಗಿ ಅವ್ವ ಕಾಯಿಸಿದ ಹರಳೆಣ್ಣೆಯನ್ನೇ ತಂದಳು. ನಮ್ಮ ಕಡೆ ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಬೇಯಿಸಿ ಎಣ್ಣೆ ತೆಗೆಯುತ್ತಾರೆ. ಅದರಲ್ಲಿ ನೀರು ಉಳಿದಿರುತ್ತದೆಂದು ಅವಳು ಮತ್ತೆ ಕಾಯಿಸಿ, ನಾಲ್ಕು ದಿನ ಬಿಸಿಲಿಗಿಟ್ಟು, ಬಟ್ಟೆಯಲ್ಲಿ ಸೋಸಿದಳು. ತಲೆಗೆ ಹಚ್ಚುವ ಎಣ್ಣೆ ಕುಡಿದು ಹಾರುವ ವಿಮಾನವಾ ಎಂದು ಅವ್ವ ಕೇಳಿದ್ದಳಂತೆ. ಇಂಜಿನ್ ಓಡಿದಾಗ ಅಂಗಡಿಯ ತುಂಬ ಎಣ್ಣೆ ಸ್ನಾನದ ದಿನದ ಮನೆಯ ವಾಸನೆ ಬಂತು.

ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಅವಳು ಎಳೆತ ಅಳೆದಳು. ನೆಲಕ್ಕೆ ಗೂಟ ಹೊಡೆದು, ಗೂಟಕ್ಕೆ ಹುಣಸೆಹಣ್ಣು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಕಟ್ಟಿ, ತಕ್ಕಡಿಯ ಕೊಕ್ಕೆಗೆ ವಿಮಾನದ ಬಾಲ ಕಟ್ಟಿದಳು. ಇಂಜಿನ್ನು ಪೂರ್ತಿ ಓಡಿದಾಗ ವಿಮಾನ ಮುಂದಕ್ಕೆ ಎಳೆಯುತ್ತದೆ, ತಕ್ಕಡಿಯ ಮುಳ್ಳು ಎಷ್ಟು ಎಂದು ತೋರಿಸುತ್ತದೆ. ಮೂರು ಕಿಲೋ ಇನ್ನೂರು ಗ್ರಾಂ. ಮೂರು ಸಲ ಮಾಡಿದಳು, ಮೂರು ಸಲವೂ ಅಷ್ಟೇ ಬಂತು. ಅದನ್ನು ಹಾಳೆಯ ಮೇಲೆ ಬರೆದುಕೊಂಡಳು. ಅವಳ ಲೆಕ್ಕವೆಲ್ಲ ಆ ಮೂರು ಕಿಲೋ ಇನ್ನೂರರ ಮೇಲೆ ನಿಂತಿತ್ತು. ಆಮೇಲೆ ತಕ್ಕಡಿಯನ್ನು ನನ್ನ ಅಂಗಡಿಯ ಗೋಡೆಯ ಮೊಳೆಗೆ ನೇತುಹಾಕಿದಳು.

ಸ್ಪರ್ಧೆಗೆ ಮೂರು ದಿನ ಇರುವಾಗ ಅವಳು ವಿಮಾನವನ್ನು ನನ್ನ ಹತ್ತಿರ ಬಿಟ್ಟು ಹಾಸನದ ಹಾಸ್ಟೆಲಿಗೆ ಹೋದಳು. ಇಂಜಿನ್ನಿನ ನಾಲ್ಕು ಬೋಲ್ಟು ಬಿಗಿ ಮಾಡಿ, ಸ್ಪರ್ಧೆಯ ದಿನ ಬೆಳಗ್ಗೆ ತಂದುಕೊಡು ಎಂದಿದ್ದಳು. ಬೇರೆ ಏನೂ ಹೇಳಿರಲಿಲ್ಲ.

ಬೋಲ್ಟು ಬಿಗಿ ಮಾಡಿದ ಮೇಲೆ ನಾನು ಇಂಜಿನ್ ಓಡಿಸಿದೆ. ಪ್ಲಗ್ಗಿಗೆ ಬ್ಯಾಟರಿ ಮುಟ್ಟಿಸಿ ಕೋಲಿನಿಂದ ಪ್ರೊಪೆಲ್ಲರ್ ತಟ್ಟಿದರೆ ಹೊತ್ತಿಕೊಳ್ಳುತ್ತಿತ್ತು. ಕಿವಿ ಕೊಟ್ಟೆ. ಭಾರ ಹೊತ್ತ ಸದ್ದು. ನನ್ನ ಕಿವಿಗೆ ಅದು ಒದ್ದಾಡುತ್ತಿದೆ ಅನ್ನಿಸಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತಿದ್ದದ್ದು.

ಬೇಸಿಗೆಯಲ್ಲಿ ಹಳ್ಳಿಗಳಲ್ಲಿ ಕರೆಂಟಿನ ವೋಲ್ಟೇಜು ಬೀಳುತ್ತದೆ. ಆಗ ಮೋಟರು ಭಾರ ಎಳೆಯಲಾರದೆ ಗುಯ್ ಅನ್ನುತ್ತದೆ, ಹಾಗೇ ಬಿಟ್ಟರೆ ಒಳಗಿನ ತಾಮ್ರದ ತಂತಿಯ ಕಾಯಿಲು ಸುಡುತ್ತದೆ. ಅದಕ್ಕೆ ನಾವು ಒಂದು ಉಪಾಯ ಮಾಡುತ್ತೇವೆ. ಪಂಪಿನೊಳಗೆ ನೀರನ್ನು ತಳ್ಳುವ ಚಕ್ರವನ್ನು ಬಿಚ್ಚಿ, ಲೇತಿಗೆ ಕೊಟ್ಟು, ಅದರ ಅಂಚನ್ನು ಸುತ್ತಲೂ ಒಂದಿಷ್ಟು ಕಮ್ಮಿ ಮಾಡಿಸುತ್ತೇವೆ. ಚಕ್ರ ಚಿಕ್ಕದಾಗುತ್ತದೆ, ಮೋಟರು ಹಗುರವಾಗಿ ತಿರುಗುತ್ತದೆ, ಸದ್ದು ಬಿಡಿಸಿಕೊಂಡ ಹಾಗೆ ಆಗುತ್ತದೆ. ಮೋಟರು ಸುಡಲಿಲ್ಲವಲ್ಲ ಎಂದು ರೈತ ಸಮಾಧಾನದಿಂದ ಹೋಗುತ್ತಾನೆ. ನೀರು ಸ್ವಲ್ಪ ಕಮ್ಮಿ ಬರುತ್ತದೆ. ಅದು ನನಗೆ ಗೊತ್ತಿತ್ತು. ನೂರು ಪಂಪಿಗೆ ಹಾಗೆ ಮಾಡಿದವನಿಗೆ, ನೀರು ಕಮ್ಮಿಯಾದ ಹಾಗೆ ಗಾಳಿಯೂ ಕಮ್ಮಿಯಾಗುತ್ತದೆ ಎಂದು ಹೊಳೆಯಲಿಲ್ಲ.

ಪ್ರೊಪೆಲ್ಲರ್ ಬಿಚ್ಚಿ ವೈಸಿಗೆ ಹಿಡಿಸಿದೆ. ಒಂದೊಂದು ತುದಿಯಿಂದ ಮುಕ್ಕಾಲು ಇಂಚು ಗೆರೆ ಎಳೆದು ಗರಗಸದಲ್ಲಿ ಕುಯ್ದೆ. ಅರದಲ್ಲಿ ಉಜ್ಜಿ ದುಂಡಗೆ ಮಾಡಿದೆ. ಮೊಳೆಯ ಮೇಲೆ ತೂಗಿಸಿ ಎರಡು ಕಡೆಯೂ ಸಮ ಇದೆಯೇ ಎಂದು ನೋಡಿದೆ. ಚೊಕ್ಕವಾದ ಕೆಲಸ. ಮತ್ತೆ ಹಾಕಿ ಓಡಿಸಿದಾಗ ಇಂಜಿನ್ನು ಕೂಗಿಕೊಂಡು ಓಡಿತು. ಒದ್ದಾಟವಿಲ್ಲ. ಒಳ್ಳೆಯ ಸದ್ದು. ಪಕ್ಕದ ಅಂಗಡಿಯವರು ಎದ್ದು ಬಂದು ನೋಡಿ, ಈಗ ಬಿಡು, ಹೋಗ್ತದೆ ಅಂದರು.

ತಕ್ಕಡಿ ಗೋಡೆಯ ಮೇಲೆಯೇ ಇತ್ತು. ನಾನು ಅದನ್ನು ಇಳಿಸಲಿಲ್ಲ. ಕಿವಿ ಇರುವಾಗ ತಕ್ಕಡಿ ಯಾಕೆ ಅಂದುಕೊಂಡೆ.

ಕುಯ್ದ ತುದಿಗಳಲ್ಲಿ ಹಳದಿ ಬಣ್ಣ ಹೋಗಿತ್ತು. ನಂಬರ್ ಪ್ಲೇಟಿಗೆ ಹಚ್ಚುವ ಹಳದಿ ಬಣ್ಣ ಅಂಗಡಿಯಲ್ಲಿತ್ತು. ಹೊಸ ತುದಿಗಳಿಗೆ ಅದನ್ನು ಹಚ್ಚಿದೆ. ಯಾರ ಕೈಗೂ ಪೆಟ್ಟಾಗಬಾರದಲ್ಲ. ಕತ್ತರಿಸಿದ ಎರಡು ತುಂಡನ್ನು ಎಸೆಯದೆ ಒಂದು ಖಾಲಿ ಬೇರಿಂಗ್ ಡಬ್ಬಿಯಲ್ಲಿ ಹಾಕಿಟ್ಟೆ. ಏನನ್ನೂ ಎಸೆಯದಿರುವುದು ನಮ್ಮ ಕಸುಬಿನವರ ಅಭ್ಯಾಸ.

ಸ್ಪರ್ಧೆಯ ಬೆಳಗ್ಗೆ ವಿಮಾನವನ್ನು ಹಳೆಯ ಜಮಖಾನೆಯಲ್ಲಿ ಸುತ್ತಿ ಗೂಡ್ಸ್ ಆಟೋದಲ್ಲಿ ಹಾಸನಕ್ಕೆ ಒಯ್ದೆ. ಮೈದಾನದಲ್ಲಿ ಇನ್ನೂ ಮಂಜಿತ್ತು. ತಂಗಿ ರಿಮೋಟು, ಬ್ಯಾಟರಿ, ರೆಕ್ಕೆಯ ತಂತಿ ಎಂದು ಓಡಾಡುತ್ತಿದ್ದಳು. ಲೆಕ್ಕದ ಹಾಳೆ ಆಗಲೇ ಮೇಷ್ಟ್ರ ಕೈಗೆ ಹೋಗಿತ್ತು. ಅದರ ಒಂದು ಪ್ರತಿ ನನ್ನ ಅಂಗಿಯ ಜೇಬಿನಲ್ಲಿತ್ತು, ಹಿಡ್ಕೊ ಎಂದು ಅವಳೇ ಕೊಟ್ಟಿದ್ದಳು. ಎರಡು ಕಿಲೋ ಮರಳು. ಬೇರೆ ಯಾರೂ ಅಷ್ಟು ಬರೆದುಕೊಟ್ಟಿರಲಿಲ್ಲ.

ಅವಳ ಸರದಿ ಬಂತು. ಇಂಜಿನ್ ಹೊತ್ತಿಕೊಂಡಿತು. ಅವಳು ತಲೆ ವಾರೆ ಮಾಡಿ ಕೇಳಿದಳು. ಆಮೇಲೆ ನನ್ನ ಮುಖ ನೋಡಿದಳು.

“ಅಣ್ಣ, ಸದ್ದು ಬ್ಯಾರೆ ತರ ಐತಲ್ಲ?”

“ಚಳಿಗಾಳಿ ಕಣವ್ವ. ಅದ್ಕೆ ಅಂಗೆ” ಅಂದೆ.

ಇಂಜಿನ್ನಿನ ಸದ್ದಿನ ವಿಷಯದಲ್ಲಿ ಅವಳು ನನ್ನ ಮಾತನ್ನು ಯಾವತ್ತೂ ತೆಗೆದುಹಾಕಿದವಳಲ್ಲ. ಅವತ್ತೂ ತೆಗೆದುಹಾಕಲಿಲ್ಲ. ಸರಿ ಎಂದು ತಲೆಯಾಡಿಸಿ ವಿಮಾನವನ್ನು ಬಿಟ್ಟಳು.

ಅದು ಓಡಿತು. ಸದ್ದು ಜೋರಾಗಿತ್ತು, ಓಟ ಜೋರಾಗಿರಲಿಲ್ಲ. ಸುಣ್ಣದ ಗೆರೆ ಹತ್ತಿರ ಬಂದರೂ ಚಕ್ರ ನೆಲ ಬಿಡಲಿಲ್ಲ. ಗೆರೆಯ ಮೇಲೆ ಅವಳು ಮೂತಿ ಎತ್ತಿಸಿದಳು. ಆಳೆತ್ತರ ಎದ್ದಿತು. ಅಲ್ಲೇ ಒಂದು ಕ್ಷಣ ನಿಂತ ಹಾಗಾಯಿತು. ಎಡಗಡೆಯ ರೆಕ್ಕೆ ಬಾಗಿತು, ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಮರಳು ಚೆಲ್ಲಿತು.

ಎಲ್ಲರಿಗಿಂತ ಮೊದಲು ಓಡಿದವನು ನಾನು. ಪ್ರೊಪೆಲ್ಲರ್ ಮೂರು ಚೂರಾಗಿತ್ತು. ಚೂರುಗಳನ್ನು ಆರಿಸಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಅಣ್ಣ ತಂಗಿಯ ಸಾಮಾನು ಆರಿಸುತ್ತಿದ್ದಾನೆ ಎಂದು ನೋಡಿದವರು ಅಂದುಕೊಂಡಿರಬೇಕು.

ಮೇಷ್ಟ್ರು ಒಳ್ಳೆಯವರು. ಬೈಯಲಿಲ್ಲ. ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿ, ಎಳೆತವನ್ನು ಜಾಸ್ತಿ ಹಿಡಿದಿದ್ದೀಯೇನೋ, ಅಳೆಯುವಾಗ ಎಲ್ಲೋ ತಪ್ಪಾಗಿರಬೇಕು ಅಂದರು. ಮೂರು ಸಲ ಅಳೆದೆ ಎಂದು ಅವಳು ಹೇಳಲಿಲ್ಲ. “ನನ್ ಲೆಕ್ಕ ತಪ್ಪು ಸಾ” ಅಂದಳು. ನಾನು ಅವಳಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಜೇಬಿನ ಮೇಲೆ ಕೈ ಇತ್ತು. ಆಗ ಹೇಳಬಹುದಾಗಿತ್ತು. ಒಂದು ಮಾತು ಸಾಕಾಗಿತ್ತು. ನಾನು ಜಮಖಾನೆ ಮಡಿಚಿದೆ.

ಬಸ್ಸಿನಲ್ಲಿ ಹೊಳೆನರಸೀಪುರದವರೆಗೂ ಅವಳು ಆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಮತ್ತೆ ಲೆಕ್ಕ ಹಾಕಿದಳು. ಅಳಲಿಲ್ಲ. ಅತ್ತಿದ್ದರೆ ನಾನು ಹೇಳಿಬಿಡುತ್ತಿದ್ದೆನೋ ಏನೋ. ಊರು ಹತ್ತಿರವಾದಾಗ, ತಪ್ಪು ಎಲ್ಲಿ ಅಂತಲೇ ಗೊತ್ತಾಗುತ್ತಿಲ್ಲ ಅಂದಳು. ತಪ್ಪು ಸಿಕ್ಕಿದ್ದರೆ ತಿದ್ದಿಕೊಳ್ಳುತ್ತಿದ್ದಳು. ಸಿಗಲಿಲ್ಲ. ಇಲ್ಲದ ತಪ್ಪು ಹೇಗೆ ಸಿಗುತ್ತದೆ. ಸಿಗದೆ ಇದ್ದದ್ದರಿಂದ ಅವಳಿಗೆ ತಾನು ಹಾಕುವ ಎಲ್ಲ ಲೆಕ್ಕದ ಮೇಲೂ ಅನುಮಾನ ಹತ್ತಿತು.

ಡಿಪ್ಲೊಮಾ ಪಾಸಾದಳು. ಇಂಜಿನಿಯರಿಂಗಿನ ಅರ್ಜಿ ತುಂಬಲಿಲ್ಲ. ಮೇಷ್ಟ್ರು ಆ ಜಖಂ ಆದ ಇಂಜಿನ್ನನ್ನು ಅವಳಿಗೇ ಕೊಟ್ಟುಬಿಟ್ಟರು. ಅವಳು ಅದನ್ನು ತಂದು ನನ್ನ ಅಂಗಡಿಯಲ್ಲಿಟ್ಟು, ನಂಗ್ ಬ್ಯಾಡ, ನಿನ್ನತ್ರಾನೇ ಇರ್ಲಿ ಅಂದಳು. ಆಮೇಲೆ ಹೊಲಿಗೆ ಕಲಿತಳು, ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಹೋದಳು. ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ, ಒಳ್ಳೆಯ ಮನುಷ್ಯ. ಅವಳು ಅಲ್ಲೊಂದು ಟೈಲರ್ ಅಂಗಡಿಗೆ ಮನೆಯಲ್ಲೇ ರವಿಕೆ ಹೊಲಿದುಕೊಡುತ್ತಾಳೆ. ಅಳತೆ ತೆಗೆಯುವುದು, ಗೆರೆ ಹಾಕುವುದು, ಕತ್ತರಿಸುವುದು ಅಂಗಡಿಯವರೇ. ಅವರು ಹಾಕಿದ ಗೆರೆಯ ಮೇಲೆ ಇವಳು ಹೊಲಿಗೆ ಹಾಕುತ್ತಾಳೆ. ನೀನೇ ಕತ್ತರಿಸಬಹುದಲ್ಲ ಎಂದು ಒಂದು ಸಲ ಕೇಳಿದ್ದೆ. ಬಟ್ಟೆ ಕೆಡಿಸಿದರೆ ಅಂದಳು.

ಹೀಗೆ ವರ್ಷಗಳು ಹೋದವು. ನಾನು ಹಬ್ಬಕ್ಕೆ ಹೋಗಿ ಬರುತ್ತಿದ್ದೆ. ಊಟ ಮಾಡುತ್ತಿದ್ದೆ. ನನಗೆ ಆಗಾಗ ನೆನಪಾಗುತ್ತಿತ್ತು, ನೆನಪಾದಾಗ ಏನೂ ಆಗುತ್ತಿರಲಿಲ್ಲ. ಕಾಲು ಜೋಮು ಹಿಡಿದಾಗ ಮುಟ್ಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ.

ಹುಡುಗಿ ಆ ಕಳೆಯುವ ಲೆಕ್ಕ ತಂದ ಮೇಲೆ ನಾನು ಮೊಬೈಲಿನಲ್ಲಿ ಹುಡುಕಿ ಹನ್ನೆರಡು ಇಂಚಿನ ಎರಡು ಮರದ ಪ್ರೊಪೆಲ್ಲರ್ ತರಿಸಿದೆ. ಇಂಜಿನ್ನು ಬಿಚ್ಚಿ ಶುಚಿ ಮಾಡಿದೆ. ಹತ್ತು ವರ್ಷದ ಹರಳೆಣ್ಣೆ ಒಳಗೆ ಅಂಟಿನ ಹಾಗೆ ಗಟ್ಟಿಯಾಗಿತ್ತು. ಬಾಗಿದ್ದ ಶಾಫ್ಟನ್ನು ಸರಿ ಮಾಡಿಸಿದೆ. ನಾಲ್ಕು ಚಕ್ರದ ಒಂದು ಹಲಗೆಯ ಮೇಲೆ ಇಂಜಿನ್ನು ಕೂರಿಸಿ, ಅವಳು ಮಾಡಿದ ಹಾಗೆಯೇ ಗೂಟ ಹೊಡೆದು, ಅದೇ ತಕ್ಕಡಿ ಕಟ್ಟಿದೆ. ಕುಯ್ಯದೆ ಹಾಗೇ ಬಿಟ್ಟ ಪ್ರೊಪೆಲ್ಲರ್ ಹಾಕಿದಾಗ ಮೂರು ಕಿಲೋ ಇನ್ನೂರು. ಹತ್ತು ವರ್ಷದ ಹಿಂದೆ ಅವಳು ಬರೆದುಕೊಂಡದ್ದೇ. ಇನ್ನೊಂದರ ತುದಿಗಳನ್ನು ಮುಕ್ಕಾಲು ಮುಕ್ಕಾಲು ಇಂಚು ಕುಯ್ದು ಹಾಕಿದೆ. ಸದ್ದು ಜೋರಾಯಿತು. ಈಗಲೂ ನನ್ನ ಕಿವಿಗೆ ಅದೇ ಒಳ್ಳೆಯ ಸದ್ದು. ಮುಳ್ಳು ಎರಡು ಕಿಲೋ ಎಂಟುನೂರರ ಹತ್ತಿರ ನಿಂತಿತು.

ಎರಡನ್ನೂ ಒಂದು ಹಾಳೆಯ ಮೇಲೆ ಬರೆದುಕೊಂಡು, ಬೇರಿಂಗ್ ಡಬ್ಬಿ ಹಿಡಿದು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.

ಮಧ್ಯಾಹ್ನ. ಹುಡುಗಿ ಶಾಲೆಯಲ್ಲಿದ್ದಳು. ತಂಗಿ ಮಷೀನಿನ ಮುಂದೆ ಕೂತಿದ್ದಳು, ಕೊರಳಲ್ಲಿ ಟೇಪು. ಡಬ್ಬಿಯ ಮುಚ್ಚಳ ತೆಗೆದು ಮಷೀನಿನ ಮೇಲಿಟ್ಟೆ. ಅವಳು ಆ ಎರಡು ತುಂಡನ್ನು ನೋಡಿದಳು. ಹಳದಿ ಬಣ್ಣ ಮಾಸಿತ್ತು, ಆದರೆ ಅವಳು ಹಚ್ಚಿದ ಬಣ್ಣ ಅವಳಿಗೆ ಗುರುತು ಸಿಕ್ಕಿತು. ಇದು ಎಲ್ಲಿಂದ ಬಂತು ಎಂದು ಕೇಳಿದಳು. ಹೇಳಿದೆ. ಬೋಲ್ಟಿನಿಂದ ಹಿಡಿದು ಚಳಿಗಾಳಿಯವರೆಗೂ ಹೇಳಿದೆ. ಹಾಳೆಯನ್ನೂ ಕೊಟ್ಟೆ.

ಅವಳು ಮಷೀನಿನ ಗಾಲಿಯ ಮೇಲೆ ಕೈಯಿಟ್ಟು ಕೂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಕೊರಳಿನ ಟೇಪು ತೆಗೆದು ಒಂದು ತುಂಡನ್ನು ಅಳೆದಳು. ಆಮೇಲೆ ಇನ್ನೊಂದನ್ನು.

“ಇದು ಮುಕ್ಕಾಲು. ಇದು ಮುಕ್ಕಾಲಿಗೆ ಒಂದು ನೂಲು ಕಮ್ಮಿ” ಅಂದಳು. “ಸಮವಾಗಿ ಕುಯ್ಯಾಕೂ ಬರ್ನಿಲ್ವಲ್ಲ ನಿಂಗೆ.”

ನಾನು ಇಲ್ಲ ಅಂದೆ.

ಸೀಮೆಸುಣ್ಣದ ಬಿಲ್ಲೆ ತೆಗೆದುಕೊಂಡು ನೆಲದ ಮೇಲೆ ಏನೋ ಬರೆಯಲು ಶುರುಮಾಡಿದಳು. ಗುಣಿಸಿದಳು, ಭಾಗಿಸಿದಳು, ಒಂದು ಕಡೆ ಒರೆಸಿ ಮತ್ತೆ ಬರೆದಳು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಬೀದಿಯಲ್ಲಿ ತರಕಾರಿ ಗಾಡಿ ಬಂದು ಹೋಯಿತು. ಕೊನೆಗೆ, ಎರಡು ಎಂಟುನೂರರ ಎಳೆತಕ್ಕೆ ಗೆರೆಯಿಂದ ಆಚೆಗೆ ಇನ್ನೂ ಇಪ್ಪತ್ತು ಅಡಿ ಓಟ ಬೇಕಾಗಿತ್ತು ಎಂದು, ನನಗಲ್ಲ, ಆ ನೆಲಕ್ಕೆ ಹೇಳಿದ ಹಾಗೆ ಹೇಳಿದಳು. ಮೂರು ಇನ್ನೂರಕ್ಕೆ ಗೆರೆಯ ಈಚೆಗೇ ಏಳುತ್ತಿತ್ತು.

ಆಮೇಲೆ ತಲೆ ಎತ್ತಿದಳು.

“ಕುಯ್ದಿದ್ದು ಓಗ್ಲಿ, ನಿಂಗೆ ಗೊತ್ತಾಗ್ನಿಲ್ಲ. ಬಣ್ಣ ಯಾಕ್ ಅಚ್ಚಿದೆ?”

“ಯಾರ್ ಕೈಗೂ ಏಟ್ ಬೀಳ್ಬಾರ್ದು ಅಂತ.”

“ನಿಜ ಏಳು.”

ಹತ್ತು ವರ್ಷ ನಾನು ನನಗೇ ಹೇಳಿಕೊಂಡಿದ್ದ ಮಾತು ಅದು. ಈ ಬರಹದಲ್ಲೂ ಮೇಲೆ ಹಾಗೆಯೇ ಬರೆದಿದ್ದೇನೆ. ಅವಳ ಮುಂದೆ ಅದು ನಿಲ್ಲಲಿಲ್ಲ. “ನೀನ್ ಕಂಡ್ರೆ ಬುಡಾಕಿಲ್ಲ ಅಂತ” ಅಂದೆ. ಅವಳು ಕಂಡಿದ್ದರೆ ತಕ್ಕಡಿ ಕಟ್ಟಿ ಅಳೆಯುತ್ತಿದ್ದಳು. ಅಳೆದರೆ ನನ್ನ ಕಿವಿ ಸೋಲಬಹುದು ಎಂದು ಬಣ್ಣ ಹಚ್ಚುವಾಗ ನನಗೆ ಎಲ್ಲೋ ಗೊತ್ತಿತ್ತು.

ಅವಳು ಟೇಪು ಸುತ್ತಿದಳು. ಇಂಜಿನ್ ಓಡುತ್ತದಾ ಎಂದು ಕೇಳಿದಳು. ಓಡುತ್ತದೆ ಅಂದೆ. ಇಂಜಿನ್ನು, ಎರಡೂ ಪ್ರೊಪೆಲ್ಲರು, ತಕ್ಕಡಿ, ಹಲಗೆ ಎಲ್ಲವನ್ನೂ ಬರುವ ಭಾನುವಾರ ತಂದುಕೊಡಬೇಕೆಂದಳು.

“ನೀನ್ ಅಳ್ದಿದ್ದ ನಾನ್ ನಂಬಾಕಿಲ್ಲ” ಅಂದಳು.

ಅವತ್ತು ಊಟಕ್ಕೆ ಏಳು ಅನ್ನಲಿಲ್ಲ. ನಾನು ನಾಲ್ಕು ಗಂಟೆಯ ಬಸ್ಸಿಗೆ ಬಂದೆ.

ಭಾನುವಾರ ಎಲ್ಲವನ್ನೂ ಗೋಣಿಚೀಲದಲ್ಲಿ ಹಾಕಿಕೊಂಡು ಹೋದೆ. ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಒಂದು ತೆಂಗಿನಮರವಿತ್ತು, ಅವಳು ಅದರ ಬುಡಕ್ಕೆ ತಕ್ಕಡಿ ಕಟ್ಟಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಕೋಲಿನಿಂದ ಪ್ರೊಪೆಲ್ಲರ್ ತಟ್ಟಿದಳು. ಹರಳೆಣ್ಣೆಯ ಹೊಗೆ ಎದ್ದಿತು. ಗಂಡ, ಮಗಳು ಹಿಂದಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಕ್ಕಡಿಯ ಹತ್ತಿರ ನಾನು ಹೋಗಬಾರದೆಂದು ಕೈಸನ್ನೆ ಮಾಡಿದಳು. ನಾನು ಕಾಂಪೌಂಡಿನ ಪಕ್ಕ ನಿಂತೆ.

ಒಂದೊಂದನ್ನೂ ಮೂರು ಮೂರು ಸಲ ಅಳೆದಳು. ಪ್ರತಿ ಸಲವೂ ಬಗ್ಗಿ, ಮುಳ್ಳಿನ ಎದುರಿಗೆ ಕಣ್ಣಿಟ್ಟು ಓದಿದಳು. ನಾನು ಅಂಗಡಿಯಲ್ಲಿ ಅಳೆದಾಗ ನಿಂತ ಎತ್ತರದಿಂದಲೇ ಓದಿದ್ದೆ. ಮೊದಲನೆಯದು ಮೂರು ಇನ್ನೂರೇ ಬಂತು. ಕುಯ್ದದ್ದು ಎರಡು ಕಿಲೋ ಎಂಟುನೂರ ಐವತ್ತು. ಐವತ್ತು ಗ್ರಾಂ ನಾನು ತಪ್ಪಾಗಿ ಓದಿದ್ದೆ. ಅವಳು ಮಗಳ ನೋಟುಪುಸ್ತಕ ಇಸಿದುಕೊಂಡು, ನಾನು ಬರೆದ ಅಂಕಿಯನ್ನು ನೋಡದೆ, ತನ್ನದನ್ನು ಬರೆದುಕೊಂಡಳು. ಅದರ ಕೆಳಗೆ ಲೆಕ್ಕ ಶುರುಮಾಡಿದಳು.

ಈಗ ಅವಳು ನನ್ನ ಜೊತೆ ಮಾತಾಡುವುದು ಕಮ್ಮಿ. ಫೋನ್ ಮಾಡಿದರೆ ಮಗಳ ಕೈಗೆ ಕೊಡುತ್ತಾಳೆ. ಇಂಜಿನ್ನು ಅವಳ ಮನೆಯಲ್ಲೇ ಇದೆ. ತಕ್ಕಡಿಯೂ ಅಲ್ಲೇ ಇದೆ. ನನ್ನ ಅಂಗಡಿಯ ಗೋಡೆಯಲ್ಲಿ ಮೊಳೆ ಮಾತ್ರ ಉಳಿದಿದೆ.